ನೂರನೆಯ ಲಾಟೀನು

ಕಾಪು
12 ಅಕ್ಟೋಬರ್ 2003

ಪ್ರೀತಿಯ ಶಮೀರ್ ಅಣ್ಣನಿಗೆ,

ಅಸ್ಸಲಾಮು ಅಲೈಕುಂ.

ಕಾರ್ಕಳದ ಹೊಗೆ ನಿನ್ನೆ ಸಂಜೆ ನಾಲ್ಕು ಗಂಟೆಗೆ ನಮ್ಮ ಕಲ್ಲಗುಡ್ಡೆಗೆ ಬಂತು. ಮೊದಲು ಹೇಳಿದ್ದು ಉಮ್ಮ. ಲಾರಿಯಲ್ಲಿ ನಲವತ್ತು ಸಿಲಿಂಡರ್ ಕಂಡು ಅಡುಗೆ ಗ್ಯಾಸೆಂದು ತಿಳಿದು, ಬುಕ್ಕಿಂಗ್ ಪುಸ್ತಕ ಹಿಡಿದುಕೊಂಡು ರಸ್ತೆಗೆ ಓಡಿದರು.

ಬಾಪ ಹೇಳಿಕೊಟ್ಟ ಹಾಗೆ ಬರೆದಿದ್ದೇನೆ ನೋಡು. ಮೊದಲು ಎಂತ ಆಯಿತು, ಮತ್ತೆ ಯಾರು ಹೇಳಿದರು, ಕಡೆಗೆ ಮುಂದೆ ಎಂತ, ಯಾವಾಗ. ಮೂವತ್ತು ವರ್ಷ ಕಾಪು ಪೇಟೆಯಲ್ಲಿ ಪೇಪರ್ ಏಜೆಂಟರಾಗಿದ್ದ ಮೂಸಾ ಬ್ಯಾರಿಯ ಮಕ್ಕಳು ಬೇರೆ ರೀತಿ ಬರೆದರೆ ಅವರು ಕಬರಿನಿಂದಲೇ ತಿದ್ದಿ ಕಳಿಸಿಯಾರು.

ಈಗ ವಿಷಯ. 'ತಿಳಿಗಾಳಿ' ಎಂಬ ಸಂಸ್ಥೆಯೊಂದು ಮಣಿಪಾಲದಲ್ಲಿ ಆಫೀಸು ಮಾಡಿದೆ. ಕಾರ್ಕಳದ ಒಂದು ಗೇರುಬೀಜ ಕಾರ್ಖಾನೆಯ ಬಾಯ್ಲರ್ ಚಿಮಣಿಗೆ ಅವರು ಕಬ್ಬಿಣದ ಗೋಪುರ ಜೋಡಿಸಿದ್ದಾರೆ. ಅದರೊಳಗೆ ಹೊಗೆಯನ್ನು ಔಷಧದ ನೀರಿನಲ್ಲಿ ತೊಳೆದು, ಇಂಗಾಲದ ಡೈಆಕ್ಸೈಡನ್ನು ಮಾತ್ರ ಬೇರೆ ಮಾಡಿ ಸಿಲಿಂಡರಿಗೆ ತುಂಬುತ್ತಾರೆ. ಸ್ವಲ್ಪ ಆದಿ ಉಡುಪಿಯ ಒಬ್ಬ ಸೋಡಾದವನಿಗೆ ಕೊಡುತ್ತಾರೆ. ಉಳಿದದ್ದು ನಮ್ಮ ಗುಡ್ಡೆಯ ಮೇಲಿನ ಬೋರ್‌ವೆಲ್ಲಿಗೆ. ನೀರು ಸಿಗದೆ ಪಂಚಾಯತಿನವರು ಬಿಟ್ಟುಹೋದದ್ದು, ನೆನಪುಂಟಲ್ವಾ? ಪಂಪಿನಲ್ಲಿ ಒತ್ತಿ ನೆಲದಡಿ ಇಟ್ಟು ಬಾಯಿ ಮುಚ್ಚಿದರೆ ಆ ಗ್ಯಾಸು ಆಕಾಶಕ್ಕೆ ಹೋಗುವುದಿಲ್ಲ, ಲೋಕ ಅಷ್ಟು ಬಿಸಿಯಾಗುವುದಿಲ್ಲ ಎಂಬುದು ಅವರ ಲೆಕ್ಕ. ನಮ್ಮದು 'ಕಡಿಮೆ ಇಂಗಾಲದ ಗ್ರಾಮ' ಎಂದು ಬೋರ್ಡು ಹಾಕಿ ಆಗಿದೆ.

ಮುಖ್ಯ ಸುದ್ದಿ ಕೊನೆಗೆ ಇಟ್ಟಿದ್ದೇನೆ. ಬಾಪ ಒಪ್ಪುತ್ತಿರಲಿಲ್ಲ. ನನಗೆ ಅಲ್ಲಿ ಕ್ಷೇತ್ರ ಸಹಾಯಕಿಯ ಕೆಲಸ ಸಿಕ್ಕಿದೆ. ದಿನಕ್ಕೆ ಎರಡು ಸಲ ಗೇಜ್ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ಆರು ತಿಂಗಳ ನಂತರ ಖಾಯಂ. ನೀನು ಗಲ್ಫಿನ ಎಣ್ಣೆ ಬಾವಿಯಲ್ಲಿ ಇದೇ ಗ್ಯಾಸ್ ಒತ್ತುವ ಕೆಲಸದಲ್ಲಿದ್ದೀ ಎಂದು ಅಧಿಕಾರಿ ಉಮಾನಾಥ ಸರ್‌ಗೆ ಹೇಳಿದೆ. "ಮತ್ತೆ ನಿಮಗೆ ಕಲಿಸಲಿಕ್ಕೆ ಎಂತ ಉಂಟು ಮಾರಾಯ್ತಿ, ಮನೆಯಲ್ಲೇ ಕಾಲೇಜು ಉಂಟಲ್ಲ" ಎಂದರು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮೊದಲ ಸಿಲಿಂಡರ್ ಒಳಗೆ ಹೋಗುತ್ತದೆ.

ನಿನ್ನ ತಂಗಿ,
ಜುವೈರಿಯಾ


ಕ್ಯಾಂಪ್ 4
30 ಅಕ್ಟೋಬರ್ 2003

ಪ್ರೀತಿಯ ಜುವೈರಿಯಾ,

ವ ಅಲೈಕುಂ ಸಲಾಂ. ನಿನ್ನ ಪತ್ರ ಹದಿನೈದು ದಿನ ತೆಗೆದುಕೊಂಡಿದೆ. ತಂದುಕೊಟ್ಟದ್ದು ಪೀಟರ್. ಕಾರ್ಕಳದ ಪೀಟರ್, ನನ್ನ ಕೋಣೆಯವನು. ಕವರಿನ ಮೇಲೆ ಕಾಪು ಎಂದು ಕಂಡದ್ದೇ ತನಗೇ ಬಂದ ಹಾಗೆ ಮೂಸಿ ನೋಡಿದ. "ನಿನ್ನ ಉಮ್ಮ ಮೀನು ಹುರಿಯುವಾಗ ಬರೆದದ್ದು" ಎಂದ.

ಕೆಲಸ ಸಿಕ್ಕಿದ್ದಕ್ಕೆ ಸಂತೋಷ. ಆದರೆ ಮೂರು ಪ್ರಶ್ನೆಗಳು. ಇಲ್ಲಿ ನಾವು ಗ್ಯಾಸನ್ನು ಎರಡು ಸಾವಿರ ಮೀಟರ್ ಕೆಳಗೆ ಒತ್ತುತ್ತೇವೆ. ಅದರ ಮೇಲೆ ಪಾತ್ರೆಯ ಮುಚ್ಚಳದ ಹಾಗೆ ಬಿಗಿಯಾದ ಕಲ್ಲಿನ ಪದರ ಉಂಟು. ನಮ್ಮ ಊರಿನ ಕೆಂಪು ಮುರಕಲ್ಲು ತೂತುತೂತು, ಜರಡಿಯ ಹಾಗೆ. ಅದರ ಕೆಳಗಿನ ಬಂಡೆಯಲ್ಲಿ ಬಿರುಕುಗಳು. ಆದ್ದರಿಂದ ಕೇಳುತ್ತೇನೆ. ನಿಮ್ಮ ಬೋರ್ ಎಷ್ಟು ಆಳ? ಅದರ ಮುಚ್ಚಳ ಯಾವುದು? ಪಂಪ್ ನಿಂತ ಮೇಲೆ ಗೇಜಿನ ಮುಳ್ಳು ನಿಂತಲ್ಲೇ ನಿಲ್ಲುತ್ತದೆಯಾ, ಇಳಿಯುತ್ತದೆಯಾ? ಇಳಿದರೆ ಗ್ಯಾಸು ಎಲ್ಲಿಂದಲೋ ಹೊರಗೆ ಹೋಗುತ್ತಿದೆ ಎಂದರ್ಥ.

ಇವಕ್ಕೆ ಪತ್ರದಲ್ಲೇ ಉತ್ತರ ಬರೆ. ಫೋನು ಫೋರ್‌ಮನ್ ಕೋಣೆಯಲ್ಲಿ, ಶುಕ್ರವಾರ ಮೂರೇ ನಿಮಿಷ. ಅದರಲ್ಲಿ ಎರಡು ನಿಮಿಷ ಉಮ್ಮ ಅಳುತ್ತಾರೆ. ಈ ಪತ್ರವನ್ನೂ ನೀನು ಅವರಿಗೆ ಓದಿ ಹೇಳುತ್ತೀ ಎಂದು ಗೊತ್ತು. ಉಮ್ಮ, ನಾನು ಸರಿಯಾಗಿ ಊಟ ಮಾಡುತ್ತಿದ್ದೇನೆ.

ಶಮೀರ್


ಕಾಪು
22 ನವೆಂಬರ್ 2003

ಪ್ರೀತಿಯ ಅಣ್ಣ,

ನಮ್ಮ ಗ್ರಾಮದ ಸೀಮೆಎಣ್ಣೆ ಲಾಟೀನುಗಳು ಇನ್ನು ನಾಲ್ಕು ತಿಂಗಳಲ್ಲಿ ಮುಗಿಯಲಿವೆ. ಹೇಳಿದ್ದು ಉಮಾನಾಥ ಸರ್, ಮೊನ್ನೆ ಮಣಿಪಾಲದ ಮೀಟಿಂಗಿನಲ್ಲಿ. ನೆಲದಡಿ ಗ್ಯಾಸು ಇಟ್ಟರೆ ಸಾಲದು, ಮನೆಯಲ್ಲಿ ಹೊಗೆ ಮಾಡುವುದೂ ನಿಲ್ಲಬೇಕಂತೆ. ಹಳೆಯ ಲಾಟೀನು ತಂದುಕೊಟ್ಟವರಿಗೆ ಒಂದು ಸೋಲಾರ್ ದೀಪ. ಹಂಚುವುದು ನಾನು. ಗುರಿ ನೂರು.

ಈ ಕೆಲಸ ನನಗೆ ಒಗ್ಗಿದೆ. ಕರೆಂಟು ಹೋದ ಸಂಜೆ ಗುಡ್ಡೆಯಿಂದ ಕೆಳಗೆ ನೋಡಿದರೆ ನಾನು ಕೊಟ್ಟ ದೀಪಗಳು ಎಲ್ಲೆಲ್ಲಿ ಎಂದು ಬೆರಳಿಟ್ಟು ತೋರಿಸಬಹುದು, ಅಷ್ಟು ಬೆಳ್ಳಗೆ.

ಸೋಡಾದವನು ಎರಡು ಕ್ರೇಟ್ ಗೋಲಿಸೋಡಾ ಕಳಿಸಿದ. ಉಮ್ಮ ಒಂದು ಗುಟುಕು ಕುಡಿದು, "ಇದು ಕಾರ್ಕಳದ ಹೊಗೆಯಾ? ಗೇರುಬೀಜದ ರುಚಿ ಬರುವುದಿಲ್ಲವಲ್ಲ" ಎಂದರು. ಈಗ ತೇಗು ಬಂದಾಗಲೆಲ್ಲ ಕಾರ್ಖಾನೆ ಶುರುವಾಯಿತು ಎನ್ನುತ್ತಾರೆ.

ನಿನ್ನ ಪ್ರಶ್ನೆಗಳನ್ನು ಸರ್‌ಗೆ ಕೇಳಿದೆ. ಬೋರ್ ತುಂಬಾ ಆಳ ಉಂಟು, ಭಯಪಡಬೇಡ. ಗೇಜ್ ಚೆನ್ನಾಗಿದೆ.

ಹಬ್ಬ ಮಂಗಳವಾರ ಅಥವಾ ಬುಧವಾರ. ಚಂದ್ರ ಕಂಡ ಮೇಲೆ.

ಜುವೈರಿಯಾ


ಕ್ಯಾಂಪ್ 4
4 ಜನವರಿ 2004

ಜುವೈರಿಯಾ,

ತಡವಾಯಿತು. ಡಿಸೆಂಬರಿನಲ್ಲಿ ಕೆಲಸ ಹೆಚ್ಚಿತ್ತು. ಪೀಟರ್ ಕೆಲಸ ಬಿಟ್ಟು ಹೋದ. ಕೋಣೆಯಲ್ಲಿ ಈಗ ನಾನೊಬ್ಬನೇ. 'ತುಂಬಾ ಆಳ' ಎಂಬುದು ಅಳತೆಯಲ್ಲ. ಅಂಕಿ ಬರೆ. ಉಮ್ಮನಿಗೆ ಸಲಾಂ ಹೇಳು.

ಶಮೀರ್


ಕಾಪು
20 ಫೆಬ್ರವರಿ 2004

ಪ್ರೀತಿಯ ಅಣ್ಣ,

ನೂರನೆಯ ದೀಪ ಬುಧವಾರ ಕೊಟ್ಟೆವು. ಇವತ್ತಿನ ಪೇಪರಿನಲ್ಲಿ ಚಿತ್ರದೊಂದಿಗೆ ಬಂದಿದೆ. ಕಟಿಂಗ್ ಇಟ್ಟಿದ್ದೇನೆ. ನನ್ನ ಪಕ್ಕ ಲಾಟೀನು ಹಿಡಿದು ನಿಂತವರು ಯಾರೆಂದು ಗುರುತು ಸಿಕ್ಕಿತಾ? ನಮ್ಮ ಬಾವಿಯ ಶರಣಬಸಪ್ಪಣ್ಣ. ಕೊಪ್ಪಳದ ಕಡೆಯಿಂದ ಬಂದು ಇಪ್ಪತ್ತು ವರ್ಷವಾದರೂ ಮಾತು ಬದಲಾಗಲಿಲ್ಲ. ಪ್ರತಿ ಬೇಸಗೆಯಲ್ಲಿ ಈ ಸುತ್ತಿನ ಬಾವಿಗಳ ಕೆಸರು ತೆಗೆಯುವುದು ಅವರೇ.

ತೊಂಬತ್ತೊಂಬತ್ತಕ್ಕೆ ನಿಂತುಹೋಗಿತ್ತು. ಯಾರ ಮನೆಯಲ್ಲೂ ಲಾಟೀನು ಉಳಿದಿರಲಿಲ್ಲ. ಮರುದಿನ ಚಿತ್ರ ತೆಗೆಯುವವರು ಬರುವವರಿದ್ದರು. ನಾನೇ ಅವರ ಶೆಡ್ಡಿಗೆ ಹೋದೆ.

"ಅಕ್ಕಾರ, ಇದನ್ನ ಕೊಡಾಕ ಆಗಂಗಿಲ್ರಿ. ಇದು ಮನೀದಲ್ಲ, ಬಾವೀದು" ಎಂದರು. ಹಿಡಿಕೆಗೆ ತಾಮ್ರದ ತಂತಿ ಸುತ್ತಿದ ಹಳೆಯ ಲಾಟೀನು. ಬಾವಿಗೆ ಇಳಿಯುವ ಮೊದಲು ಅದನ್ನು ಹಗ್ಗದಲ್ಲಿ ಕೆಳಗೆ ಬಿಡುತ್ತಾರಲ್ಲ, ನೀನೂ ನೋಡಿದ್ದೀ.

"ಇದು ಅದಕ್ಕಿಂತ ಒಳ್ಳೆಯದು ಶರಣಬಸಪ್ಪಣ್ಣ. ಗಾಳಿಗೂ ಆರುವುದಿಲ್ಲ, ಮಳೆಗೂ ಆರುವುದಿಲ್ಲ" ಎಂದೆ.

"ಆರೂದ ಇಲ್ಲೇನ್ರಿ?"

"ಇಲ್ಲ."

"ಹಂಗಾರ ನಮ್ಮ ರಾಚವ್ವನಂಗ ಬಿಡ್ರಿ. ಆಕೀನೂ ಹತ್ತಿಕೊಂಡ್ಲಂದ್ರ ಆರಂಗಿಲ್ಲ."

ಅವರ ಹೆಂಡತಿ ರಾಚವ್ವ ಒಳಗಿನಿಂದಲೇ, "ಆರಿದ್ರ ನಿನಗ ರೊಟ್ಟಿ ಬಡಿಯಾರು ಯಾರು" ಎಂದರು. ಎಲ್ಲರೂ ನಕ್ಕೆವು. ಲಾಟೀನು ಕೊಟ್ಟರು.

ಇನ್ನೊಂದು ಸುದ್ದಿ. ನಮ್ಮ ಬಾವಿಯ ನೀರು ಸೋಡಾದ ಹಾಗೆ ನಾಲಿಗೆ ಕುಟುಕುತ್ತದೆ ಎಂದು ಉಮ್ಮ ಹೇಳುತ್ತಾರೆ.

ಕಾರ್ಖಾನೆಯ ಕೆಲಸಕ್ಕೆ ಕಾರ್ಕಳಕ್ಕೆ ಹೋದಾಗ ಪೀಟರನ್ನು ಮಾತಾಡಿಸೋಣ ಎಂದು ಅವರ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆರೆದದ್ದು ಅವರ ಹೆಂಡತಿ ಲೊರ್ನಾ. ಗೋಡೆಯಲ್ಲಿ ಪೀಟರ್ ಅವರ ಫೋಟೋ, ಮುಂದೆ ಮೇಣದಬತ್ತಿ. ಡಿಸೆಂಬರ್ ಒಂಬತ್ತಕ್ಕೆ ಹೃದಯ ನಿಂತಿತಂತೆ. ನೀನು ಪಕ್ಕದಲ್ಲಿದ್ದೆಯಂತೆ. ಕೆಲಸ ಬಿಟ್ಟು ಹೋದ ಎಂದು ಯಾಕೆ ಬರೆದೆ?

ಮುಂದಿನ ಲಾರಿ ಮಂಗಳವಾರ.

ಜುವೈರಿಯಾ


ಕ್ಯಾಂಪ್ 4
15 ಮಾರ್ಚ್ 2004

ಜುವೈರಿಯಾ,

ಉಮ್ಮನಿಗೆ ಓದಿ ಹೇಳುತ್ತೀ ಎಂದು ಹಾಗೆ ಬರೆದೆ. ಇಲ್ಲಿ ಯಾರಾದರೂ ಸತ್ತರೆಂದು ಕೇಳಿದರೆ ಅವರು ಒಂದು ವಾರ ನಿದ್ರೆ ಮಾಡುವುದಿಲ್ಲ. ಹೃದಯದ ತೊಂದರೆ, ಅಷ್ಟೇ. ಅದರ ಬಗ್ಗೆ ಇನ್ನು ಕೇಳಬೇಡ. ಲೊರ್ನಾ ಬಾಯಿಯವರ ಮನೆಗೂ ಹೋಗಬೇಡ.

ಉಮ್ಮನ ಸೋಡಾ ಬಾವಿಯ ಜೋಕು ಓದಿ ಬಹಳ ದಿನದ ಮೇಲೆ ನಕ್ಕೆ. ಆ ಸೋಡಾದವನಿಗೆ ಹೇಳು, ಬಾವಿಗೊಂದು ಗೋಲಿ ಹಾಕಿ ಮುಚ್ಚಲಿ.

ಬೋರ್ ಎಷ್ಟು ಆಳ? ಮೂರನೆಯ ಸಲ ಕೇಳುತ್ತಿದ್ದೇನೆ.

ಶಮೀರ್


ಕಾಪು
19 ಏಪ್ರಿಲ್ 2004

ಅಣ್ಣ,

ಶರಣಬಸಪ್ಪಣ್ಣ ಶನಿವಾರ ಬೆಳಿಗ್ಗೆ ಹತ್ತೂಕಾಲಿಗೆ ನಮ್ಮ ಬಾವಿಯಲ್ಲಿ ತೀರಿಕೊಂಡರು. ಕಂಡದ್ದು ಉಮ್ಮ ಮತ್ತು ಅವರ ಮಗ ಕರಿಬಸವ. ನಾನು ಗುಡ್ಡೆಯ ಮೇಲೆ ಗೇಜ್ ನೋಡುತ್ತಿದ್ದೆ.

ಆದದ್ದು ಹೀಗೆ. ಕೆಸರು ತೆಗೆಯಲು ತಂದೆ ಮಗ ಒಂಬತ್ತೂವರೆಗೆ ಬಂದರು. ಬಾವಿ ಎಂಟು ಮಾರು ಆಳ, ಈಗ ಮೊಣಕಾಲಷ್ಟು ನೀರು. ಪ್ರತಿ ವರ್ಷದ ಹಾಗೆ ಮೊದಲು ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಸಿದರು. ನಾನು ಕೊಟ್ಟ ದೀಪ. ತಳ ಮುಟ್ಟುವವರೆಗೂ ಬಿಟ್ಟು ಎರಡು ಬೀಡಿ ಸೇದುವಷ್ಟು ಹೊತ್ತು ಕಾದರು. ಕರಿಬಸವ ಇಣುಕಿ ನೋಡಿ "ಉರಿಯಾಕತ್ತೈತಿ" ಎಂದ. ಅವರು ಇಳಿದರು. ಅರ್ಧ ದಾಟಿದ ಮೇಲೆ ಒಂದು ಸಲ ಕೆಮ್ಮಿದರು. ಉಮ್ಮ "ಎಂತ ಆಯಿತು" ಎಂದು ಕೇಳುವಾಗ ಹಗ್ಗ ಸಡಿಲಾಯಿತು.

ಕರಿಬಸವ ಹಾರಲು ಹೊರಟ. ಉಮ್ಮ ಅವನ ಅಂಗಿ ಹಿಡಿದು ಜಗ್ಗಿದರು. ಅಂಗಿ ಹರಿಯಿತು, ಅವನು ಉಳಿದ. ಉಡುಪಿಯಿಂದ ಅಗ್ನಿಶಾಮಕದವರು ಬಂದು ಮುಖಕ್ಕೆ ಆಮ್ಲಜನಕ ಕಟ್ಟಿಕೊಂಡು ಇಳಿದು ಹೆಣ ತಂದರು. ಹನ್ನೊಂದೂವರೆಗೆ. ಅಷ್ಟು ಹೊತ್ತೂ ದೀಪ ತಳದಲ್ಲಿ ಉರಿಯುತ್ತಲೇ ಇತ್ತು.

ಕರಿಬಸವ ನನ್ನನ್ನು ಕಂಡು ಒಂದೇ ಮಾತು ಹೇಳಿದ. "ದೀಪ ಆರಲಿಲ್ರಿ ಅಕ್ಕಾರ." ಬೈಗುಳವಲ್ಲ. ಅವನು ನನಗೆ ವರದಿ ಕೊಡುತ್ತಿದ್ದ.

ಲಾಟೀನು ಆರುವುದು ಗಾಳಿ ಕೆಟ್ಟಾಗ. ಬಲ್ಬಿಗೆ ಗಾಳಿ ಬೇಡ. ಅದು ಹೈಸ್ಕೂಲಿನ ಪುಸ್ತಕದಲ್ಲಿ ಉಂಟು. ನಾನು ಬಿ.ಎಸ್ಸಿ. ಓದಿದವಳು. ಕೊಡುವಾಗ ನನಗೆ ಹೊಳೆಯಲಿಲ್ಲ.

ಮರಣೋತ್ತರ ಪರೀಕ್ಷೆಯ ವರದಿ ಶುಕ್ರವಾರ ಬರುತ್ತದೆ.

ಜುವೈರಿಯಾ


ಕಾಪು
28 ಏಪ್ರಿಲ್ 2004

ಅಣ್ಣ,

ಉಸಿರುಗಟ್ಟಿ ಸಾವು ಎಂದು ವರದಿ ಬಂದಿದೆ. ಓದಿ ಹೇಳಿದ್ದು ಉಮಾನಾಥ ಸರ್.

ನಿನ್ನ ಫೋನು ಬಂದಾಗ ನಾನು ಪಕ್ಕದಲ್ಲೇ ಇದ್ದೆ. ರಿಸೀವರ್ ಉಮ್ಮನ ಕೈಗೆ ಕೊಟ್ಟೆ. ಬಾವಿ ಸರಿ ಇಲ್ಲ ಎಂದಷ್ಟೇ ಅವರು ಹೇಳಿದ್ದು ಕೇಳಿಸಿತು.

ನೀನು ಮೂರು ಸಲ ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಬೋರ್ ನೂರ ಎಂಬತ್ತು ಮೀಟರ್. ಮುಚ್ಚಳದ ಪದರ ಯಾವುದೂ ಇಲ್ಲ. ಗೇಜ್ ಜನವರಿ ಎರಡನೆಯ ವಾರದಿಂದ ಇಳಿಯುತ್ತಿತ್ತು. ಪಂಪ್ ನಿಂತ ಮೇಲೆ ಪ್ರತಿ ಬೆಳಿಗ್ಗೆ ಎರಡು ಗೀಟು ಕೆಳಗೆ. ನಾನು ಬರೆದಿದ್ದೆ. ಸರ್‌ಗೆ ತೋರಿಸಿದೆ. "ಗೇಜ್ ಹಳೆಯದು ಮಾರಾಯ್ತಿ, ಬೆರಳಲ್ಲಿ ಒಮ್ಮೆ ತಟ್ಟಿ" ಎಂದರು. ತಟ್ಟಿದೆ. ಮುಳ್ಳು ಅಲ್ಲಾಡಿ ಮತ್ತೆ ಅಲ್ಲೇ ನಿಂತಿತು. ಬಾವಿಯ ನೀರು ಹುಳಿಯಾದದ್ದು ಜೋಕಲ್ಲ. ಬಾವಿಗೆ ಬಾಪ ಬಿಟ್ಟಿದ್ದ ಮೀನುಗಳು ಮಾರ್ಚಿನಲ್ಲಿ ಸತ್ತು ತೇಲಿದವು. ಉಮ್ಮ ನೋಡುವ ಮೊದಲು ನಾನೇ ಬಲೆಯಲ್ಲಿ ತೆಗೆದು ಹೂಳಿದೆ. ನಿನಗೆ ಬರೆಯಲಿಲ್ಲ. ಬರೆದರೆ ನೀನು ಕೆಲಸ ಬಿಡು ಎನ್ನುತ್ತಿದ್ದೆ. ಏಪ್ರಿಲ್ ಹದಿಮೂರಕ್ಕೆ ನನಗೆ ಆರು ತಿಂಗಳಾಗುತ್ತಿತ್ತು. ಆಯಿತು. ಖಾಯಂ ಆದೇಶ ಹದಿನೈದಕ್ಕೆ ಬಂತು.

ಈಗ ಸಾವಿನ ವಿಚಾರಣೆಗೆ ಕೊಡಲು ಸಂಸ್ಥೆಯವರು ಒಂದು ಹೇಳಿಕೆಗೆ ನನ್ನ ಸಹಿ ಕೇಳುತ್ತಿದ್ದಾರೆ. ಅದರಲ್ಲಿ ಎರಡು ಮಾತು ಉಂಟು. ಜನವರಿಯಿಂದ ಏಪ್ರಿಲ್‌ವರೆಗೆ ಗೇಜ್ ಇಳಿದಿಲ್ಲ. ದೀಪ ಕೊಡುವಾಗ ಅದನ್ನು ಬಾವಿಗೆ ಇಳಿಸಬಾರದೆಂದು ಬಾಯಲ್ಲಿ ತಿಳಿಸಿದ್ದೇನೆ. ಎರಡೂ ಸುಳ್ಳು. ಬಾವಿಗಳಲ್ಲಿ ಕೆಟ್ಟ ಗಾಳಿ ಮೊದಲಿಂದ ಉಂಟು, ಇಲ್ಲದಿದ್ದರೆ ಹಿಂದಿನವರು ಲಾಟೀನು ಯಾಕೆ ಇಳಿಸುತ್ತಿದ್ದರು ಎಂದು ಸರ್ ಕೇಳುತ್ತಾರೆ.

ಸಹಿ ಹಾಕಬೇಕಾದ ದಿನ ಮೇ ಮೂರು, ಸೋಮವಾರ. ಹಾಕಬೇಕಾ ಬೇಡವಾ ಎಂದು ನೀನು ಹೇಳಬೇಕು. ಈ ಪತ್ರ ಅಷ್ಟರೊಳಗೆ ನಿನಗೆ ಸಿಗುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ಜುವೈರಿಯಾ


ಕ್ಯಾಂಪ್ 4
30 ಏಪ್ರಿಲ್ 2004

ಜುವೈರಿಯಾ,

ನಿನ್ನ ಹತ್ತೊಂಬತ್ತರ ಪತ್ರ ನಿನ್ನೆ ಸಿಕ್ಕಿತು. ಇದನ್ನು ಉಮ್ಮನಿಗೆ ಓದಿ ಹೇಳಬೇಡ.

ಪೀಟರ್ ಸತ್ತದ್ದು ಹೃದಯದಿಂದಲ್ಲ. ಕಂಡದ್ದು ನಾನು. ಗ್ಯಾಸ್ ಒತ್ತುವ ಪೈಪಿನ ವಾಲ್ವ್ ಇರುವುದು ಎರಡಾಳು ಆಳದ ಗುಂಡಿಯಲ್ಲಿ. ಅವನು ಟಾರ್ಚ್ ಹಿಡಿದು ಇಳಿದ. ಗ್ಯಾಸು ಅಳೆಯುವ ಮೀಟರ್ ಕೊಡುವ ಕೆಲಸ ನನ್ನದು. ಮೀಟರಿನ ಬ್ಯಾಟರಿ ಮುಗಿದಿತ್ತು. ಹೇಳಿದೆ. "ಎರಡು ನಿಮಿಷದ ಕೆಲಸ ಮಾರಾಯ, ನೀನು ಚಾ ಕುಡಿ, ಬಂದೆ" ಎಂದ. ನಾನು ತಡೆಯಲಿಲ್ಲ. ಆ ಗ್ಯಾಸು ಗಾಳಿಗಿಂತ ಭಾರ. ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಇಣುಕಿ ನೋಡುವಾಗ ಅವನು ಮಗ್ಗುಲಾಗಿ ಮಲಗಿದ್ದ. ಪಕ್ಕದಲ್ಲಿ ಟಾರ್ಚ್ ಉರಿಯುತ್ತಿತ್ತು.

ಈ ಒಂದು ಸಾಲನ್ನು ಜನವರಿಯಲ್ಲಿ ಬರೆದಿದ್ದರೆ ನೀನು ಆ ಲಾಟೀನನ್ನು ಶರಣಬಸಪ್ಪಣ್ಣನ ಕೈಯಲ್ಲೇ ಬಿಟ್ಟು ಬರುತ್ತಿದ್ದೆ. ನಿನ್ನ ಪತ್ರ ಓದಿದಾಗಿನಿಂದ ನನಗೆ ಬೇರೆ ಯೋಚನೆ ಇಲ್ಲ.

ಕಂಪೆನಿಯವರು ಹೃದಯಾಘಾತ ಎಂದು ಬರೆದರು. ನಾಲ್ಕು ಜನ ಸಹಿ ಹಾಕಿದೆವು. ಮೂರನೆಯದು ನನ್ನದು. ಮೀಟರ್ ವಿಷಯ ಬಂದರೆ ತಪ್ಪು ನನ್ನ ಮೇಲೆ ಬರುತ್ತದೆ ಎಂದು ಫೋರ್‌ಮನ್ ಹೇಳಿದ. ಹಾಕಿದೆ.

ಅಲ್ಲಿಯೂ ಒಂದು ಕಾಗದ ತಂದೇ ತರುತ್ತಾರೆ. ಸಹಿ ಹಾಕಬೇಡ. ಗೇಜಿನಲ್ಲಿ ಕಂಡದ್ದನ್ನು ಹೇಳು. ಕೆಲಸ ಹೋದರೆ ಹೋಗಲಿ. ಈ ಪತ್ರವನ್ನು ಬೇಕಾದವರಿಗೆ ತೋರಿಸು. ಲೊರ್ನಾ ಬಾಯಿಯವರಿಗೂ ತೋರಿಸು.

ಶಮೀರ್


ಕಾಪು
4 ಮೇ 2004

ಅಣ್ಣ,

ನಿನ್ನೆ ಸಹಿ ಹಾಕಿದೆ.

ಹಾಕುವುದಿಲ್ಲ ಎಂದೇ ಶನಿವಾರ ಶೆಡ್ಡಿಗೆ ಹೋಗಿದ್ದೆ. ಮೊದಲು ರಾಚವ್ವನಿಗೆ ಹೇಳಬೇಕು ಎಂದು. ದೀಪದ ವಿಷಯ, ಗೇಜಿನ ವಿಷಯ, ಎಲ್ಲ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಮುಗಿಯುವವರೆಗೂ ಕೇಳಿದರು.

"ಸಹಿ ಹಾಕ್ರಿ ಅಕ್ಕಾರ" ಎಂದರು.

"ಅದು ಸುಳ್ಳು ರಾಚವ್ವ."

"ಸುಳ್ಳಂತ ಗೊತ್ತಾತಲ್ರಿ. ನೀವು ಹಾಕಿದ್ರ ನನ್ನ ಮಗನ್ನ ಗುಡ್ಡದ ಮ್ಯಾಲೆ ವಾಚ್‌ಮನ್ ಮಾಡ್ತಾರಂತ. ಸಾಹೇಬ್ರು ಬಂದು ಹೇಳ್ಯಾರ. ಹಾಕಲಿಲ್ಲಂದ್ರ ಅವ ಬಾವಿಗೇ ಇಳೀಬೇಕು. ಅವಂಗ ಬ್ಯಾರೆ ಕೆಲಸ ಗೊತ್ತಿಲ್ಲ."

ನಾನು ಎದ್ದೆ. ಹೊರಡುವಾಗ ಕೇಳಿದರು, "ಅವ್ರ ಲಾಟೀನ ಎಲ್ಲೈತ್ರಿ?"

ಹಳೆಯ ರಿಜಿಸ್ಟರ್ ಉಮಾನಾಥ ಸರ್ ತೆಗೆದುಕೊಂಡರು. ಹೊಸದೊಂದು ಕೊಟ್ಟರು. ನಾಲ್ಕು ತಿಂಗಳ ಅಂಕಿಗಳನ್ನು ನನ್ನ ಕೈಬರಹದಲ್ಲಿ ಬರೆದುಕೊಟ್ಟಿದ್ದೇನೆ. ನೀಲಿ ಪೆನ್ನು ಒಂದು, ಕಪ್ಪು ಒಂದು. ಒಂದೇ ಶಾಯಿಯಲ್ಲಿ ಇದ್ದರೆ ಚೆನ್ನಾಗಿರುವುದಿಲ್ಲ ಎಂದು ಪೆನ್ನು ಬದಲಿಸಿದ್ದು ನಾನೇ. ಅವರು ಹೇಳಿದ್ದಲ್ಲ.

ಕರಿಬಸವ ಗುರುವಾರ ಕೆಲಸಕ್ಕೆ ಸೇರುತ್ತಾನೆ.

ಜುವೈರಿಯಾ


ಕಾಪು
16 ಮೇ 2004

ಅಣ್ಣ,

ನಿನ್ನೆ ಲಾಟೀನು ಮೂರೂವರೆ ಮಾರಿನಲ್ಲಿ ಆರಿತು. ಕಂಡದ್ದು ಉಮ್ಮ ಮತ್ತು ನಾನು.

ಅದನ್ನು ಆದಿ ಉಡುಪಿಯಲ್ಲಿ ಸಂಸ್ಥೆಯ ಗೋದಾಮಿನಿಂದ ತಂದೆ. ನೂರೂ ಅಲ್ಲೇ ಮೂಲೆಯಲ್ಲಿ ರಾಶಿ ಬಿದ್ದಿದ್ದವು, ಗುಜರಿಯವನು ಇನ್ನೂ ಬಂದಿರಲಿಲ್ಲ. ತಾಮ್ರದ ತಂತಿ ನೋಡಿ ಗುರುತಿಸಿದೆ. ಮನೆಗೆ ತಂದು ಗಾಜು ಒರೆಸಿ, ಸೀಮೆಎಣ್ಣೆ ಹಾಕಿ, ಹಚ್ಚಿ ಬಾವಿಗೆ ಇಳಿಸಿದೆ. ಮೇ ಎಂಟಕ್ಕೆ ಐದು ಮಾರಿನಲ್ಲಿ ಆರಿತು. ಹನ್ನೊಂದಕ್ಕೆ ನಾಲ್ಕೂವರೆ. ನಿನ್ನೆ ಮೂರೂವರೆ. ಒಂದೊಂದು ದಿನ ಮೂರು ಸಲ ಇಳಿಸಿದ್ದೇನೆ, ಮೂರೂ ಸಲ ಹಗ್ಗದ ಅದೇ ಗಂಟಿನ ಹತ್ತಿರ. ಗ್ಯಾಸು ಮೇಲೆ ಬರುತ್ತಿದೆ. ಬಾವಿಗೆ ತಗಡು ಮುಚ್ಚಿ ಕಲ್ಲು ಹೇರಿದ್ದೇವೆ. ಕುಡಿಯುವ ನೀರು ನೆರೆಯ ಬೇಬಿಯಕ್ಕನ ಮನೆಯಿಂದ. ಅವರ ಬಾವಿ ನಮ್ಮದಕ್ಕಿಂತ ಮೇಲಿದೆ.

ನಿನ್ನ ಏಪ್ರಿಲ್ ಮೂವತ್ತರ ಪತ್ರ ಮೇ ಹನ್ನೆರಡಕ್ಕೆ ಸಿಕ್ಕಿತು. ನೀನು ಹೇಳಿದ ಹಾಗೆ ಮಾಡಿದೆ. ಸುದ್ದಿಯನ್ನು ಕ್ರಮವಾಗಿ ಬರೆಯುತ್ತೇನೆ.

ಹದಿಮೂರಕ್ಕೆ ಸಾವಿನ ವಿಚಾರಣೆ ನಡೆಸುವ ಉಡುಪಿಯ ಕಚೇರಿಗೆ ಹೋಗಿ ಗೇಜ್ ಇಳಿದದ್ದು ನಿಜ ಎಂದು ಹೇಳಿದೆ. ಅಲ್ಲಿದ್ದವರು ಫೈಲು ತೆಗೆದು ನನ್ನ ಹೇಳಿಕೆ ತೋರಿಸಿದರು. "ಈ ಸಹಿ ನಿಮ್ಮದೇ ಅಲ್ವಾ? ಹತ್ತು ದಿನ ಆಗಲಿಲ್ಲ." ನನ್ನದೇ ಎಂದೆ. ರಿಜಿಸ್ಟರಿನ ಕೈಬರಹವೂ ನನ್ನದೇ ಎಂದೆ. ಲಾಟೀನು ಆರುವುದನ್ನು ಬಂದು ನೋಡಿ ಎಂದೆ. ಬಾವಿಯಲ್ಲಿ ಲಾಟೀನು ಆರುವುದು ಹೊಸತಲ್ಲ ಎಂದರು. ಒರಟಾಗಿ ಮಾತಾಡಲಿಲ್ಲ. ಕುಳಿತುಕೊಳ್ಳಿ ಎಂದು ಕುರ್ಚಿ ಕೊಟ್ಟಿದ್ದರು.

ಹದಿನಾಲ್ಕಕ್ಕೆ ಕಾರ್ಕಳಕ್ಕೆ ಹೋದೆ. ಲೊರ್ನಾ ಬಾಯಿ ನಿನ್ನ ಪತ್ರವನ್ನು ಎರಡು ಸಲ ಓದಿದರು. ಒಳಗೆ ಹೋಗಿ ಕಂಪೆನಿಯ ಕಾಗದ ತಂದು ನಿನ್ನ ಪತ್ರದ ಪಕ್ಕ ಇಟ್ಟರು. ಮೂರನೆಯ ಸಾಲಿನಲ್ಲಿ ನಿನ್ನ ಸಹಿ. "ಎರಡೂ ಶಮೀರ್‌ನದ್ದೇ. ನಾನು ಯಾವುದನ್ನು ನಂಬಬೇಕು?" ಎಂದು ಕೇಳಿದರು. ಮತ್ತೆ, "ಮಕ್ಕಳಿಗೆ ಹಾರ್ಟ್ ಅಂತ ಹೇಳಿ ಆಗಿದೆ. ಅದು ಹಾಗೇ ಇರಲಿ" ಎಂದು ನಿನ್ನ ಪತ್ರವನ್ನು ಮಡಚಿ ನನಗೇ ಕೊಟ್ಟರು.

ನಿನ್ನನ್ನು ಬೈಯಲು ಬರೆದದ್ದಲ್ಲ. ನಿನ್ನ ಹಾಗೆಯೇ ನಾನೂ.

ಗುಡ್ಡೆಯ ಮೇಲೆ ಕರಿಬಸವ ಖಾಕಿ ಅಂಗಿ ಹಾಕಿ ಬೋರಿನ ಬಾಗಿಲ ಮುಂದೆ ಕೂರುತ್ತಾನೆ. ನಾನು ಗೇಜ್ ನೋಡಲು ಹೋದಾಗ ಎದ್ದು ನಿಲ್ಲುತ್ತಾನೆ. ಕೂರು ಎಂದರೆ ಕೂರುವುದಿಲ್ಲ. ಮೊನ್ನೆ, "ಮುಳ್ಳು ಎಷ್ಟೈತ್ರಿ ಅಕ್ಕಾರ?" ಎಂದು ಕೇಳಿದ. ಇದ್ದದ್ದನ್ನು ಹೇಳಿದೆ. ಹೊಸ ರಿಜಿಸ್ಟರಿನಲ್ಲಿ ಬೇರೆ ಅಂಕಿ ಬರೆದೆ. ಅವನು ನೋಡುತ್ತಿದ್ದ. ಓದಲು ಬರುತ್ತದೆ ಅವನಿಗೆ.

ದೀಪದ ಜೊತೆ ಒಂದು ಸೂಚನೆಯ ಹಾಳೆ ಕೊಡುತ್ತೇವೆ. 'ಬಾವಿಗೆ ಇಳಿಸಿ ಗಾಳಿ ಪರೀಕ್ಷಿಸಬಾರದು' ಎಂಬ ಒಂದು ಸಾಲು ಸೇರಿಸೋಣ ಎಂದು ಉಮಾನಾಥ ಸರ್‌ಗೆ ಹೇಳಿದೆ. "ಈಗ ಸೇರಿಸಿದರೆ ಮೊದಲು ಇರಲಿಲ್ಲ ಎಂದಾಗುತ್ತದಲ್ಲ. ನೀವೇ ಬಾಯಲ್ಲಿ ಹೇಳಿದ್ದೀರಿ ಎಂದು ಬರೆದುಕೊಟ್ಟಿದ್ದೀರಿ. ಇನ್ನು ಮುಂದೆಯೂ ಬಾಯಲ್ಲೇ ಹೇಳಿ" ಎಂದರು. ಇನ್ನು ದೀಪ ಹಂಚುವುದು ಅಲೆವೂರಿನಲ್ಲಿ, ಅರವತ್ತು ಮನೆ. ಒಬ್ಬೊಬ್ಬರಿಗೂ ಹೇಳುತ್ತೇನೆ. ಶರಣಬಸಪ್ಪಣ್ಣನ ಹಾಗೆ ಬಾವಿಯಿಂದ ಬಾವಿಗೆ ಹೋಗುವವರು ಸಾಲಿನಲ್ಲಿ ನಿಂತು ದೀಪ ಪಡೆಯುವುದಿಲ್ಲ. ಯಾರದೋ ಮನೆಯಿಂದ ಆ ದಿನಕ್ಕೆಂದು ಕೇಳಿ ತೆಗೆದುಕೊಳ್ಳುತ್ತಾರೆ. ಅವರಿಗೆ ಯಾರು ಹೇಳುತ್ತಾರೆ ಎಂದು ಗೊತ್ತಿಲ್ಲ.

ಲಾಟೀನನ್ನು ಇವತ್ತು ರಾಚವ್ವನಿಗೆ ಕೊಟ್ಟು ಬಂದೆ. ಒಳಗೆ ಇಟ್ಟರು.

ಎರಡನೆಯ ಹಂತದ ಗ್ಯಾಸು ತುಂಬುವುದು ಮೇ ಇಪ್ಪತ್ತನಾಲ್ಕು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ. ಅಲೆವೂರಿನಲ್ಲಿ ದೀಪ ವಿತರಣೆ ಅದೇ ದಿನ ಮಧ್ಯಾಹ್ನ ಮೂರಕ್ಕೆ. ಹಳೆಯ ಲಾಟೀನು ತಂದುಕೊಟ್ಟವರಿಗೆ ಮಾತ್ರ.

ಜುವೈರಿಯಾ